ಒಂದೇ ರಿಂಗ್

ಜನವರಿ 7, ಮಂಗಳವಾರ

ಮೂರು ಗಂಟೆ ಹತ್ತು ನಿಮಿಷ. ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬದ ಮೇಲೆ ಚಾರ್ಜಿಗೆ ಹಾಕಿದ್ದ ಫೋನು ಗರ್ರೆಂದು ನಡುಗಿದ ಸದ್ದಿಗೆ ಎಚ್ಚರವಾಯಿತು. ಎದ್ದು ಹೋಗುವಷ್ಟರಲ್ಲಿ ನಿಂತುಬಿಟ್ಟಿತ್ತು. ನೋಡಿದರೆ ಗೆಳತಿ ಉಮ್ಮೆ ಹಾನಿಯ ಹೆಸರು. ಒಂದು ಮಿಸ್ ಕಾಲ್.

ಇವತ್ತು ಶುಕ್ರವಾರ ಅಲ್ಲ. ಹಾನಿ ಮಿಸ್ ಕಾಲ್ ಕೊಡುವುದು ಶುಕ್ರವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ. ಸುಮಾರು ಎರಡು ವರ್ಷದಿಂದ ಹಾಗೇ. ಒಂದೇ ರಿಂಗ್ ಕೊಟ್ಟು ಕಟ್ ಮಾಡಬೇಕು. ಚೆನ್ನಾಗಿದ್ದೀನಿ, ಏನೂ ಇಲ್ಲ ಅಂತ ಅದರ ಅರ್ಥ. ನಾನೂ ಒಂದೇ ರಿಂಗ್ ಕೊಟ್ಟರೆ, ನಾನೂ ಚೆನ್ನಾಗಿದ್ದೀನಿ ಅಂತ. ಎತ್ತುವವರೆಗೂ ಹೊಡೆದುಕೊಂಡರೆ ಮಾತ್ರ ಏನೋ ಆಗಿದೆ ಎಂದು ತಿಳಿಯಬೇಕು. ಇಷ್ಟು ದಿನದಲ್ಲಿ ಇಬ್ಬರೂ ಯಾವತ್ತೂ ಪೂರ್ತಿ ರಿಂಗ್ ಮಾಡಿಲ್ಲ.

ಈ ಕಟ್ಟಳೆ ಹಾಕಿದವಳು ಹಾನಿಯೇ. ಮಾತಾಡಿದರೆ ದುಡ್ಡು ಹೋಗುತ್ತದೆ ಎಂದಲ್ಲ, ಈಗ ಯಾರಿಗೆ ಹೋಗುತ್ತದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೀಮೋಗೆ ಒಂದೇ ಸಾಲಿನ ಮೂರು ಕುರ್ಚಿಯಲ್ಲಿ ಕೂರುತ್ತಿದ್ದವರು ನಾವು. ಮಧುಗಿರಿಯ ನಾನು, ಶಿರಾದ ಹಾನಿ, ಪಾವಗಡದ ಆಚೆಯ ಕೊಲ್ಲಾಪುರಮ್ಮ. ಮೂವರಿಗೂ ಎಡಗಡೆಯ ಸ್ತನವೇ. ಎಲ್ಲ ಮುಗಿದು ಊರು ಸೇರಿದ ಮೇಲೆ ಒಂದು ದಿನ ಕೊಲ್ಲಾಪುರಮ್ಮನಿಗೆ ಫೋನ್ ಮಾಡಿ 'ಹೆಂಗಿದ್ದೀರಕ್ಕ' ಅಂದೆ. ಮಗ ಯುವರಾಜ್ ಎತ್ತಿದ್ದ. 'ಅಮ್ಮ ಹೋಗಿ ಒಂಬತ್ತು ದಿನ ಆಯ್ತಕ್ಕ' ಅಂದ. ಅವನ ಹಿಂದೆ ಯಾರೋ ಮಿಕ್ಸಿ ತಿರುಗಿಸುತ್ತಿದ್ದರು. ಆ ಮಿಕ್ಸಿಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅವತ್ತು ಹಾನಿ ಹೇಳಿದಳು, "ಇನ್ಮೇಲೆ ಹೆಂಗಿದ್ದೀಯ ಅಂತ ಕೇಳೋದೇ ಬೇಡ ಮಾ. ಕೇಳಿದ್ರೆ ಜವಾಬ್ ಬರುತ್ತೆ."

ಈಗ ನಾನು ಕೇಳಿದ್ದು ಎಷ್ಟನೆಯ ರಿಂಗು? ನಿದ್ದೆಯಲ್ಲಿದ್ದೆ. ಮೊದಲನೆಯದೂ ಇರಬಹುದು, ಕೊನೆಯದೂ ಇರಬಹುದು. ಫೋನಿನಲ್ಲಿ ಮಿಸ್ ಕಾಲ್ ಎಂದಷ್ಟೇ ಇದೆ. ಒಂದೇ ಇರಬೇಕು. ಮಗ್ಗುಲು ಬದಲಾಯಿಸುವಾಗ ಕೈ ತಗುಲಿರುತ್ತದೆ.

ನಾನೂ ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಮತ್ತೆ ಬರಲಿಲ್ಲ.

ಜನವರಿ 8, ಬುಧವಾರ

ಅತ್ತೆ ಜಗುಲಿಯ ಮೇಲೆ ಅವರೆಕಾಳು ಹಿತುಕುತ್ತಾ ನನ್ನನ್ನೇ ನೋಡುತ್ತಿದ್ದರು.

"ಯಾಕವ್ವಾ, ಮೊಕ ಇಂಗೆ ಊದ್ಕಂಡದೆ? ರಾತ್ರಿಯೆಲ್ಲ ಕುಂತೇ ಇದ್ದೇನು?"

"ಸೊಳ್ಳೆ ಅತ್ತೆ."

"ಈ ಚಳೀಲಿ ಅದ್ಯಾವ ಸೊಳ್ಳೆ ಕಣಮ್ಮ, ಸ್ವೆಟರ್ ಹಾಕ್ಕಂಡು ಬಂದಿತ್ತಾ?"

ನಾನು ನಗಲಿಲ್ಲವೆಂದು ಅವರಿಗೆ ಬೇಜಾರಾಯಿತು. ಮಹಾಲಕ್ಷ್ಮಮ್ಮ ಎಂಬ ದೊಡ್ಡ ಹೆಸರಿನ ಈ ಸಣ್ಣ ಹೆಂಗಸು ಕೀಮೋ ದಿನಗಳಲ್ಲಿ ನನ್ನ ವಾಂತಿಯ ಬಕೆಟ್ಟು ತೊಳೆದವರು. ಅವರ ಹತ್ತಿರವೂ ಹೇಳಲಾಗುತ್ತಿಲ್ಲ.

22ಕ್ಕೆ ಚೆಕಪ್ಪು. ಆರು ತಿಂಗಳಿಗೊಮ್ಮೆಯದು. ಅಂಜನ್ ಕೇಳಿದಾಗ ಫೆಬ್ರವರಿಯಲ್ಲಿ ಅಂದುಬಿಟ್ಟೆ. ಯಾಕೆ ಸುಳ್ಳು ಹೇಳಿದೆನೋ. ಗಂಡ ಕೇಳಿದ ತಕ್ಷಣ ಬಾಯಿಗೆ ಅದೇ ಬಂತು. ಫೈಲು ಬೀರುವಿನ ಮೇಲೆ, ಮಗಳು ರಕ್ಷಾ ಕೂಸಾಗಿದ್ದಾಗಿನ ಹೊದಿಕೆಗಳ ಕೆಳಗಿದೆ. ಅದನ್ನು ತೆಗೆಯದಿದ್ದರೆ ಇವತ್ತು ಇರುವ ಹಾಗೇ ಇರುತ್ತೇನೆ. ಸಾರು ಮಾಡುತ್ತೇನೆ, ರಕ್ಷಾಳ ಎಲ್‌ಕೆಜಿ ಹೋಮ್‌ವರ್ಕ್ ಬರೆಸುತ್ತೇನೆ.

ಕಳೆದ ಸಲ ಜುಲೈನಲ್ಲಿ ಹಾನಿ ಜೊತೆಗಿದ್ದಳು. ಯಾವಾಗಲೂ ಅಷ್ಟೇ, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸೇರಿಕೊಂಡು ಮುಂದಿನ ಬಸ್ಸು ಹತ್ತುತ್ತೇವೆ. ಅವತ್ತು ಸ್ಕ್ಯಾನಿಂಗ್ ರೂಮಿನ ಹೊರಗೆ ಅವಳು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ತೊಡೆಯ ಮೇಲಿಟ್ಟಳು. ರವಿಕೆಯೊಳಗೆ ಇಟ್ಟುಕೊಳ್ಳಲು ಅವಳೇ ಹೊಲಿದದ್ದು. ಹಾನಿ ಟೈಲರ್. ಆಸ್ಪತ್ರೆಯಲ್ಲಿ ತೋರಿಸಿದ ರಬ್ಬರಿನದು ಬೇಸಿಗೆಯಲ್ಲಿ ಬೆವೆತು ತುರಿಸುತ್ತದೆಂದು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸಾಸಿವೆ ತುಂಬಿ ಹೊಲಿದಿದ್ದಳು. ಭಾರ ಸರಿಯಾಗಿತ್ತು.

"ಇಟ್ಕೋ. ಒಗ್ಗರಣೆಗೆ ಕಮ್ಮಿ ಬಿದ್ರೆ ಬಿಚ್ಚಿ ಹಾಕ್ಕೋಬಹುದು" ಅಂದಳು. ನರ್ಸ್ ಬಂದು, ಇಲ್ಲಿ ಹೀಗೆ ನಗಬಾರದು ಎಂದು ಬೈಯುವಷ್ಟು ನಕ್ಕೆವು.

ಲೈಟ್ ಆರಿಸಿ ಸ್ನಾನ ಮಾಡಿದೆ, ಎಂದಿನಂತೆ.

ಜನವರಿ 10, ಶುಕ್ರವಾರ

ಆರೂವರೆ, ಬರಲಿಲ್ಲ. ಏಳು. ಎಂಟು. ಒಂಬತ್ತಕ್ಕೆ ನಾನೇ ಕೊಟ್ಟೆ. ಸ್ವಿಚ್ ಆಫ್ ಆಗಿದೆ ಎಂದು ಆ ಹೆಂಗಸು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದಳು.

ಫೋನು ಕೈಯಲ್ಲೇ ಇದೆ. ಆದರೂ ಎಲ್ಲೋ ರಿಂಗಾಗುತ್ತದೆ. ಬಚ್ಚಲಲ್ಲಿ ನಲ್ಲಿಯ ಕೆಳಗೆ, ಬೀರುವಿನ ಒಳಗೆ, ರಕ್ಷಾ ಮಲಗಿದ ದಿಂಬಿನ ಅಡಿಯಲ್ಲಿ. ಹೋಗಿ ನೋಡಿದರೆ ನಿಂತಿರುತ್ತದೆ.

ಜನವರಿ 14, ಸಂಕ್ರಾಂತಿ

ರಕ್ಷಾಗೆ ಲಂಗ ತೊಡಿಸಿ ಬೀದಿಗೆಲ್ಲ ಎಳ್ಳು ಬೀರಿಸಿದೆ. ಪಕ್ಕದ ಮನೆಯ ಹನುಮಕ್ಕನ ಮಗಳು ಹೆರಿಗೆಗೆ ಬಂದಿದ್ದಾಳೆ. ನಾನು ಎಳ್ಳಿನ ಪೊಟ್ಟಣ ಮುಂದೆ ಹಿಡಿದೆ. ಆ ಹುಡುಗಿ ಕೈ ಚಾಚಿದಳು. ಹನುಮಕ್ಕ ಹಿಂದಿನಿಂದ ಅವಳ ಸೆರಗು ಎಳೆದು, "ಬ್ಯಾಡ ಕಣೆ, ಒಟ್ಟೇಲಿ ಕೂಸೈತೆ. ಆಯಮ್ಮನ ಕಾಯ್ಲೆ ಎಂಥದ್ದೋ ಏನೋ" ಎಂದು ಪಿಸುಗುಟ್ಟಿದರು. ಕೇಳಲಿ ಎನ್ನುವಷ್ಟು ಜೋರಾಗಿಯೇ.

ನಾನು ಸುಮ್ಮನೆ ಕೈ ಹಿಂದೆ ತೆಗೆದುಕೊಂಡೆ. ಅತ್ತೆ ನಮ್ಮ ಬಾಗಿಲಲ್ಲೇ ನಿಂತಿದ್ದರು.

"ಏನೇ ಹನುಮಿ, ನನ್ನ ಸೊಸೆ ಕೈನ ಎಳ್ಳು ನಿನ್ನ ಮಗಳಿಗೆ ಆಗಕ್ಕಿಲ್ವಾ? ಯಮನ್ನ ತುಮಕೂರು ತಂಕ ಅಟ್ಟಿಸ್ಕಂಡು ಓಗಿ ಬುಟ್ಟು ಬಂದವ್ಳೆ ನನ್ನ ಸೊಸೆ. ಅಂಥವಳ ಕೈಲಿ ಈಸ್ಕಳಕೂ ಪುಣ್ಯ ಮಾಡಿರ್ಬೇಕು. ನೀನು ಕೊಟ್ಟ ಕೊಬ್ರಿ ಮುಗ್ಗು ಬಂದಿತ್ತು, ನಾವೇನು ಬಾಯಿ ಬುಟ್ವಾ?"

ಹುಡುಗಿ ಪೊಟ್ಟಣ ಇಸಿದುಕೊಂಡಳು. ಅಲ್ಲೇ ಬಿಚ್ಚಿ ಸಕ್ಕರೆ ಅಚ್ಚಿನ ಕೋಳಿಯೊಂದನ್ನು ಬಾಯಿಗೆ ಹಾಕಿಕೊಂಡಳು. ನನ್ನನ್ನು ನೋಡಿ ನಕ್ಕಳು, ಪಾಪ.

ಒಳಗೆ ಬಂದ ಮೇಲೆ ಅತ್ತೆ ತಗ್ಗಿದ ದನಿಯಲ್ಲಿ, "ಒಳಗಿಂದು ಮೇಲಕ್ಕೆ ಸರ್ಕೊಂಡೈತೆ ಕಣವ್ವಾ, ಸರಿ ಮಾಡ್ಕ" ಅಂದರು. ನೋಡಿಕೊಂಡರೆ ಸಾಸಿವೆಯ ಗಂಟು ಹೆಗಲೆಲುಬಿನ ಹತ್ತಿರಕ್ಕೆ ಬಂದಿತ್ತು. ಬೀದಿ ತುಂಬ ಹಾಗೇ ಓಡಾಡಿದ್ದೆ. ಹಾನಿಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಅಟ್ಟಿಸಿಕೊಂಡು ಹೋದ ಯಮ ಅಲ್ಲಿಂದ ಎಷ್ಟು ದೂರ ಹೋಗಿರುತ್ತಾನೆ? ತುಮಕೂರು ಇಲ್ಲಿಂದ ಬಸ್ಸಿನಲ್ಲಿ ಒಂದೂ ಕಾಲು ಗಂಟೆ.

ಜನವರಿ 15

ಎಡಗೈ ಸೆಳೆಯುತ್ತಿದೆ. ಒಬ್ಬಟ್ಟಿನ ಹಿಟ್ಟು ನಾದಿದ್ದಕ್ಕೆ ಇರಬೇಕು. ಇರಬೇಕು.

ಜನವರಿ 17, ಶುಕ್ರವಾರ

ಇವತ್ತೂ ಬರಲಿಲ್ಲ. ರಕ್ಷಾ ಟಿವಿ ಮುಂದಿದ್ದಳು, ಅಂಜನ್ ಕೊಡಿಗೇನಹಳ್ಳಿಯ ಶಾಲೆಯಲ್ಲಿ ಪಾಠ ಮುಗಿಸಿ ಇನ್ನೂ ಬಂದಿರಲಿಲ್ಲ. ಹಿತ್ತಲಿಗೆ ಹೋಗಿ ಹಾನಿಯ ನಂಬರಿಗೆ ಮಾಡಿದೆ. ಒಂದು ರಿಂಗಿಗೆ ಕಟ್ ಮಾಡಲಿಲ್ಲ. ಎರಡು, ಮೂರು. ನಾಲ್ಕನೆಯದಕ್ಕೆ ಎತ್ತಿದರು.

"ಹಲೋ, ಯಾರು?"

ಗಂಡಸಿನ ದನಿ. ಅವನ ಹಿಂದೆ ಏನು ಸದ್ದಿದೆ ಎಂದು ಕಿವಿಗೊಟ್ಟೆ. ಕಟ್ ಮಾಡಿದೆ.

ಅದೇ ನಂಬರಿನಿಂದ ವಾಪಸ್ ಬಂತು. ಎತ್ತಲಿಲ್ಲ. ತಂತಿಯ ಮೇಲಿನ ಒದ್ದೆ ಟವೆಲಿನಲ್ಲಿ ಫೋನು ಸುತ್ತಿ ಹಿಡಿದುಕೊಂಡೆ. ಟವೆಲಿನೊಳಗೆ ಅದು ಕೋಳಿಮರಿಯ ಹಾಗೆ ಒದ್ದಾಡಿ ನಿಂತಿತು. ನಾನು ಬಿ.ಎಸ್ಸಿ. ಓದಿದ್ದೇನೆ. ಮೂರು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ್ದೇನೆ.

ಅಲ್ಲಿ ಹಾನಿ ಇಲ್ಲವಾಗಿದ್ದರೆ, ನಾನು ಕೇಳದಿರುವವರೆಗಾದರೂ ಅವಳು ಇರಲಿ ಅಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಜನವರಿ 18, ಶನಿವಾರ

ಶಿರಾಕ್ಕೆ ಹೋಗಿ ಬಂದೆ.

ಬೆಳಗ್ಗೆ ಅತ್ತೆಗೆ ಹೇಳಿದೆ, ಫ್ರೆಂಡ್ ಒಬ್ಬಳಿಗೆ ಹುಷಾರಿಲ್ಲ, ನೋಡಿಕೊಂಡು ಬರುತ್ತೇನೆ ಅಂತ. ಎರಡು ರೊಟ್ಟಿ, ಒಂದು ಪೊಟ್ಟಣ ಎಳ್ಳು ಕಟ್ಟಿಕೊಟ್ಟರು. "ಆ ಸಾಬರ ಉಡುಗಿಗೂ ಕೊಡು" ಅಂದರು. ಬಡವನಹಳ್ಳಿ ದಾಟುವವರೆಗೂ ಇಳಿದು ವಾಪಸ್ ಹೋಗಿಬಿಡಲೇ ಎಂದು ಯೋಚಿಸುತ್ತಲೇ ಇದ್ದೆ.

ಬಾಗಿಲು ತೆಗೆದವರು ಹಾನಿಯ ತಾಯಿ ಕರೀಮುನ್ನೀಸಾ. ನಡುಮನೆಯಲ್ಲಿ ಹೊಲಿಗೆ ಮಿಷನ್ನಿಗೆ ಬೆಡ್‌ಶೀಟ್ ಹೊದಿಸಿತ್ತು. ಅದನ್ನು ನೋಡಿ ಹೊಸ್ತಿಲಲ್ಲೇ ನಿಂತೆ.

"ಇದ್ದಾಳೆ ಬೇಟಿ, ಒಳಗಿದ್ದಾಳೆ" ಅಂದರು. ಮುಖ ನೋಡಿಯೇ ತಿಳಿದಿತ್ತು ಅವರಿಗೆ. ನೀರು ಕೊಟ್ಟು, ನಾನು ಕುಡಿಯುವವರೆಗೂ ಕಾದು, ಆಮೇಲೆ ಹೇಳಿದರು. "ಕಂಕುಳ ಕೆಳಗೆ ಸಿಕ್ಕಿದೆಯಂತೆ. ಕಡ್ಲೇಬೀಜದಷ್ಟು. ಆವತ್ತು ರಾತ್ರಿ ನನ್ನನ್ನೂ ಎಬ್ಬಿಸಿ ಮುಟ್ಟಿ ನೋಡು ಅಂದ್ಲು. ನಿಂಗೆ ಫೋನ್ ಮಾಡಿದ್ಲು. ಪೂರಾ ರಿಂಗ್ ಆಯ್ತು, ಪಕ್ಕದಲ್ಲೇ ಕೂತಿದ್ದೆ ನಾನು. ಆಮೇಲೆ ನಿಂದು ಬಂತು, ಒಂದು. ಏನಂತೆ ಅಂದೆ. 'ಅವಳು ಚೆನ್ನಾಗಿದ್ದಾಳಂತೆ ಅಮ್ಮಿ' ಅಂದ್ಲು. ಫೋನ್ ಬಂದ್ ಮಾಡಿ ತಮ್ಮನ ಕೈಗೆ ಕೊಟ್ಬಿಟ್ಲು. ಡಾಕ್ಟರ್ ಹತ್ರ ಬಾ ಅಂದ್ರೆ ಬರಲ್ಲ."

ಅವರ ಮಾತಿನಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಒಳಕೋಣೆಗೆ ಬಾಗಿಲಿಲ್ಲ, ಹಸಿರು ಪರದೆ. ನಾನು ಈಚೆ ನಿಂತೆ.

"ಯಾಕೆ ಬಂದೆ?" ಹಾನಿಯ ದನಿ.

"ಎರಡು ಶುಕ್ರವಾರ ರಿಂಗ್ ಬರಲಿಲ್ಲ."

"ಒಂದು ಕೊಟ್ರೆ ಸುಳ್ಳಾಗುತ್ತೆ. ಪೂರಾ ಕೊಟ್ರೆ ನೀನು ಎತ್ತಲ್ಲ. ಏನು ಕೊಡ್ಲಿ ಮಾ?"

"ನಿದ್ದೆ ಬಂದಿತ್ತು ಹಾನಿ."

"ನಿಂಗಾ? ನಿಂಗೆ ಯಾವಾಗ ನಿದ್ದೆ ಬಂದಿತ್ತು?" ನಕ್ಕಳು. ಅದೇ ನಗು, ಒಂದಿಷ್ಟೂ ಬದಲಾಗಿಲ್ಲ.

"22ಕ್ಕೆ ಇಬ್ಬರದೂ ಡೇಟ್ ಇದೆ. ಬಾ. ಬರೀ ಗಂಟೂ ಇರಬಹುದು."

"ಇರಬಹುದು. ತೋರಿಸ್ದೆ ಇದ್ರೆ ಇರಬಹುದು ಅಂತಾನೇ ಇರುತ್ತೆ. ನಂಗೆ ಅದೇ ಸಾಕು. ಆ ಕೆಂಪು ಔಷಧ ಮತ್ತೆ ಬೇಡ. ಅದು ಬಾಟ್ಲಿಯಿಂದ ಇಳಿಯೋದು ನೋಡ್ತಾ ಕೊಲ್ಲಾಪುರಮ್ಮ ಏನಂತಿದ್ರು ಗೊತ್ತಲ್ಲ, ರಸ್ನಾ ಬಂತು ರಸ್ನಾ ಅಂತ. ಈಗ ಅಂಗಡೀಲಿ ಅದನ್ನ ನೋಡಿದ್ರೂ ನಂಗೆ ವಾಂತಿ." ಆಮೇಲೆ ಕೇಳಿದಳು, "ನೀನು ಹೋಗ್ತೀಯಾ?"

"ಹೋಗ್ತೀನಿ."

"ಪಕ್ಕಾ?"

"ಪಕ್ಕಾ."

"ಒಳ್ಳೇದು. ಹೋಗಿ ಬಂದು ನಂಗೊಂದು ರಿಂಗ್ ಕೊಡು."

ತಮ್ಮ ರಿಯಾಜ್ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ತನ್ನ ನಂಬರು ಕೊಟ್ಟ. "ನಿನ್ನೆ ಸಂಜೆ ಫೋನ್ ಮಾಡಿದ್ದು ನೀವೇನಾ ಅಕ್ಕ?" ಅಂದ. ಹೌದು ಅಂದೆ.

ಪರದೆ ಎತ್ತಲಿಲ್ಲ ನಾನು. ಎತ್ತಬೇಡ ಎಂದು ಹಾನಿ ಹೇಳಿರಲಿಲ್ಲ. ಎಳ್ಳಿನ ಪೊಟ್ಟಣವೂ ಚೀಲದಲ್ಲೇ ವಾಪಸ್ ಬಂದಿದೆ.

ಜನವರಿ 19, ಭಾನುವಾರ

ಫೈಲು ಇಳಿಸಿ ಅಂಜನ್ ಮುಂದೆ ಇಟ್ಟೆ. ಮೂರು ದಿನದಲ್ಲಿ ಇದೆ ಚೆಕಪ್ಪು ಅಂದೆ. ಅವರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರ ಕಿವಿ ಕೆಂಪಾಗುತ್ತದೆ.

"ನಾನೇನು ಸ್ಕೂಲ್ ಇನ್ಸ್‌ಪೆಕ್ಟರಾ ಸುನಿತಾ, ನನ್ನ ಹತ್ರ ತಾರೀಖು ತಿದ್ದೋಕೆ?"

"ಭಯ ಆಯ್ತು."

"ನಂಗೆ ಆಗಲ್ವಾ? ನೀನು ರಾತ್ರಿ ಎದ್ದು ಹೋದಾಗೆಲ್ಲ ನಾನು ಕಣ್ಣು ಮುಚ್ಕೊಂಡು ಬಿದ್ದಿರ್ತೀನಿ. ನಲ್ಲಿ ಸದ್ದು ಬಂದ್ರೆ ಸರಿ, ಬರದೇ ಇದ್ರೆ ಎದ್ದು ಬರ್ಲಾ ಬೇಡ್ವಾ ಅಂತ."

ಇದು ನನಗೆ ಗೊತ್ತಿರಲಿಲ್ಲ. ರಜಾ ಹಾಕಿ ಬರುತ್ತೇನೆ ಅಂದರು. ಬೇಡ, ಹಾನಿ ಬರುತ್ತಾಳೆ ಅಂದೆ. ಬಂದೇ ಬರುತ್ತಾಳೆ ಎನ್ನುವ ಹಾಗೆ ಹೇಳಿಬಿಟ್ಟೆ.

ಸಂಜೆ ಸ್ನಾನ ಮಾಡುತ್ತಿದ್ದಾಗ ರಕ್ಷಾ ಬಾಗಿಲು ತಳ್ಳಿಕೊಂಡು ಬಂದಳು. ಲೈಟ್ ಆರಿಸುವುದು ಮರೆತಿತ್ತು. ಗಾಯದ ಗೆರೆಯನ್ನೇ ನೋಡುತ್ತಾ ನಿಂತಳು.

"ಇದು ಮತ್ತೆ ಬೆಳೆಯುತ್ತಾ ಅಮ್ಮ? ಹಲ್ಲಿನ ಥರ?"

"ಇಲ್ಲ ಪುಟ್ಟಿ."

"ನೋವಾ?"

"ಚಳಿಗೆ ಒಂದಿಷ್ಟು."

ಒಂದು ಚೊಂಬು ಬಿಸಿನೀರು ತುಂಬಿ ಅದರ ಮೇಲೆ ಸುರಿದಳು. ಅರ್ಧ ನೆಲಕ್ಕೆ ಹೋಯಿತು. ಆಮೇಲೆ ತನ್ನ ಪ್ಲಾಸ್ಟಿಕ್ ಬಾತುಕೋಳಿ ಎಲ್ಲಿ ಎಂದು ಹುಡುಕುತ್ತಾ ಕೂತಳು. ನಾಳೆ ಗೀಸರ್ ರಿಪೇರಿಗೆ ಹೇಳಬೇಕು, ನೀರು ಸರಿಯಾಗಿ ಕಾಯುತ್ತಿಲ್ಲ.

ಜನವರಿ 20, ಸೋಮವಾರ

ಹಾನಿ, ನಾನು ಅವತ್ತು ನಿದ್ದೆಯಲ್ಲಿರಲಿಲ್ಲ.

ಮೊದಲ ರಿಂಗಿಗೇ ಎಚ್ಚರವಾಗಿತ್ತು. ಎರಡನೆಯದಕ್ಕೆ ಅಡುಗೆಮನೆಯಲ್ಲಿದ್ದೆ. ಡಬ್ಬದ ಮುಚ್ಚಳದ ಮೇಲೆ ಫೋನು ಜರುಗುತ್ತಾ ಜರುಗುತ್ತಾ ಅಂಚಿಗೆ ಬರುತ್ತಿತ್ತು. ನಿನ್ನ ಹೆಸರು ಬೆಳಗುತ್ತಿತ್ತು. ಬೀಳದ ಹಾಗೆ ಒಂದು ಬೆರಳು ಅಡ್ಡ ಇಟ್ಟೆ, ಅಷ್ಟೇ. ನಿಲ್ಲುವವರೆಗೂ ಹಾಗೇ ನಿಂತಿದ್ದೆ. ಆಮೇಲೆ ಒಂದು ರಿಂಗ್ ಕೊಟ್ಟೆ, ಕೂತು ಇಲ್ಲಿ ಬೇರೆ ಥರ ಬರೆದೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಸುಳ್ಳು ಹೇಳಿದೆನೋ. ಬರೆದ ಮೇಲೆ ಅದೇ ನಿಜ ಎಂದು ನನಗೂ ಅನ್ನಿಸುತ್ತಾ ಬಂದಿತ್ತು.

ನಿನಗೆ ಬಂದಿದ್ದರೆ ನನಗೂ ಬರುತ್ತದೆ ಎಂದು ಹೆದರಿದೆ. ಒಂದೇ ಸಾಲಿನ ಕುರ್ಚಿ ನಮ್ಮದು. ಮೊದಲು ಕೊಲ್ಲಾಪುರಮ್ಮ, ಆಮೇಲೆ ನೀನು, ಆಮೇಲೆ ಗೋಡೆ ಪಕ್ಕ ನಾನು. ನೀನು ಚೆನ್ನಾಗಿರಬೇಕೆಂದು ನಾನು ಪ್ರತಿ ಶುಕ್ರವಾರ ಬೇಡಿಕೊಂಡದ್ದು ನಿನಗೋಸ್ಕರವೇ ಎಂದು ಆಣೆ ಮಾಡಿ ಹೇಳಲಾರೆ.

ಜನವರಿ 21, ಮಂಗಳವಾರ ರಾತ್ರಿ, ಹನ್ನೊಂದೂವರೆ

ಬ್ಯಾಗು ತಯಾರಾಗಿದೆ. ಅತ್ತೆ ಚಿತ್ರಾನ್ನ ಎರಡು ಡಬ್ಬಿಗೆ ಹಾಕುತ್ತೇನೆ ಅಂದರು.

ಹಾನಿ, ಈ ಪುಟಗಳನ್ನೆಲ್ಲ ಫೋಟೋ ತೆಗೆದು ರಿಯಾಜನ ವಾಟ್ಸಾಪಿಗೆ ಕಳಿಸುತ್ತಿದ್ದೇನೆ. ಮೊದಲ ದಿನದ ಸುಳ್ಳೂ ಸೇರಿ. ಅವನು ಇನ್ನೂ ಮಲಗಿರುವುದಿಲ್ಲ, ಫೋನು ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ಅವನ ಕೈಲಿ ಓದಿಸಬೇಡ, ನೀನೇ ಓದು. ನನ್ನ ಅಕ್ಷರ ಸಣ್ಣದು, ಬೆರಳಲ್ಲಿ ಹಿಗ್ಗಿಸಿಕೊಂಡು ಓದು.

ಐದೂಕಾಲಿನ ಬಸ್ಸಿಗೆ ನಾನು ಕೊರಟಗೆರೆ ಮೇಲೆ ಹೊರಡುತ್ತೇನೆ. ಆರೂವರೆಗೆ ತುಮಕೂರು. ಹೇಳಿಬಿಡುತ್ತೇನೆ ಕೇಳು, ನನಗೆ ಬಹಳ ಭಯವಾಗುತ್ತಿದೆ. ಎಡಗೈ ಸೆಳೆಯುತ್ತಿದೆ. ಅದು ಹಿಟ್ಟು ನಾದಿದ್ದಕ್ಕೂ ಇರಬಹುದು, ಅದೇ ಆಗಿರಲೂಬಹುದು. ಅಲ್ಲಿ ಪರದೆ ಎತ್ತದೆ ಬಂದದ್ದಕ್ಕೆ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಬೇಕಾದರೆ ಬೈ. ನಿನ್ನ ಕಂಕುಳ ಕೆಳಗಿನದು ಏನೆಂದು ಡಾಕ್ಟರು ಹೇಳುವಾಗ ನಾನು ಆ ಕೋಣೆಯೊಳಗೇ ಇರುತ್ತೇನೆ. ಕೆಂಪು ಔಷಧವೇ ಆದರೆ ಪ್ರತಿ ಸಲವೂ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ, ನನಗೆ ಸೂಜಿ ಇರಲಿ ಬಿಡಲಿ.

ಬರುತ್ತೀಯೋ ಇಲ್ಲವೋ ಅದು ಆಮೇಲೆ. ಮೊದಲು ಫೋನ್ ಮಾಡು. ಬೆಳಗಾಗುವುದರೊಳಗೆ ಮಾಡು. ಹನ್ನೆರಡಾದರೂ ಸರಿ, ಮೂರಾದರೂ ಸರಿ, ನಾನು ಬಸ್ಸಿಗೆ ಹೊರಡುವ ಹೊತ್ತಾದರೂ ಸರಿ. ಬರಲ್ಲ ಎಂದು ಹೇಳುವುದಕ್ಕಾದರೂ ಮಾಡು. ಏನೂ ಮಾತಾಡದೆ ಉಸಿರಾಡುತ್ತಿದ್ದರೂ ನಾನು ಇಡುವುದಿಲ್ಲ.

ಒಂದು ರಿಂಗ್ ಕೊಟ್ಟು ಮಾತ್ರ ಕಟ್ ಮಾಡಬೇಡ. ಒಂದೇ ಬಂದರೆ ನಾನು ಮತ್ತೆ ನಂಬಿಬಿಡುತ್ತೇನೆ, ನಾನು ಅಂಥವಳು. ಎತ್ತುವವರೆಗೂ ಬಿಡು. ಎತ್ತದಿದ್ದರೆ ಮತ್ತೆ ಮಾಡು. ಮಾಡು ಹಾನಿ, ಬೆಳಗಾಗುವುದರೊಳಗೆ.